ಬಾಣಂತಿಯನ್ನು ಕರೆತರಲು ತೊಳೆದ ಕಾರು

ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಚಳಿಗಾಲವೆಲ್ಲ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರುವುದು ಮನುಷ್ಯರಲ್ಲ, ಮಾದರಿ ಕಾಯಿಯ ಚೀಲಗಳು. ಹೊಸಬರು ಬಾಗಿಲು ತೆಗೆದರೆ ಸಾಕು, ಸೀನುತ್ತಾರೆ. ನನ್ನ ಮೂಗಿಗೆ ಘಾಟು ಗೊತ್ತಾಗುವುದು ಯಾವತ್ತೋ ನಿಂತಿದೆ. ಅದನ್ನೇ ದೊಡ್ಡಸ್ತಿಕೆ ಎಂಬಂತೆ ಹೇಳಿಕೊಂಡು ತಿರುಗುತ್ತಿದ್ದೆ.

ಶಿವರಾತ್ರಿ ಕಳೆದು ಚಳಿ ಹೋದ ವಾರವೇ ತಂಗಿ ಹಾವೇರಿಯ ಆಸ್ಪತ್ರೆಯಲ್ಲಿ ಹೆತ್ತಳು. ಅವಳನ್ನು ತವರಿಗೆ ಕರೆತರುವುದು ಅಣ್ಣನಾದ ನನ್ನ ಕೆಲಸ. "ಕಾರ್ ಒಳಗೂ ಚಲೋತ್ನಂಗ ತೊಳಿಯೋ, ಕೂಸು ಬರತೈತಿ" ಎಂದು ಅವ್ವ ಎರಡು ದಿನ ಮೊದಲೇ ಹೇಳಿದ್ದಳು. ನಾನು ಪೈಪು ಹಿಡಿದು ಹೊರಗೆಲ್ಲ ಮುಖ ಕಾಣುವಂತೆ ತೊಳೆದೆ. ಬೀಗರು ನೋಡುವುದು ಹೊರಗನ್ನೇ ತಾನೇ! ಒಳಗೆ ಕಾಲೊರಸು ಜಾಡಿಸಿ, ಸೀಟಿಗೆ ಹೊಸ ಚಾದರ ಹಾಸಿದೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ನನ್ನಂಥವರನ್ನು ನೋಡಿಯೇ.

ಕೂಸನ್ನೆತ್ತಿಕೊಂಡು ಹತ್ತುವಾಗ ತಂಗಿ ಕೇಳಿದಳು, "ಅಣ್ಣಾ, ಒಳಗೂ ತೊಳದೀಯಲ್ಲ?"

"ತೊಳದೇನವಾ, ಕುಂದ್ರು."

ಬಾಣಂತಿಗೆ ಗಾಳಿ ತಾಗಬಾರದೆಂದು ಜೊತೆಗಿದ್ದ ಅವ್ವ ಗಾಜುಗಳನ್ನೆಲ್ಲ ಏರಿಸಿದಳು. ಹೆದ್ದಾರಿಗೆ ಬರುವಷ್ಟರಲ್ಲಿ ಧಗೆ ತಡೆಯಲಾಗದೆ, ಚಳಿಗಾಲವೆಲ್ಲ ಮುಟ್ಟದಿದ್ದ ಎಸಿ ಹಾಕಿದೆ. ಕಿಂಡಿಗಳಲ್ಲಿ ತಿಂಗಳುಗಟ್ಟಲೆ ಕೂತಿದ್ದ ಖಾರದ ಧೂಳು ಒಮ್ಮೆಲೇ ಹೊರಬಿತ್ತು. ಕೂಸು ಸೀನಿತು, ಕೆಮ್ಮಿತು, ಅಳಲು ಬಾಯಿ ತೆರೆಯಿತು. ದನಿಯೇ ಬರಲಿಲ್ಲ. "ನಿಲ್ಲಸೋ!" ಎಂದು ಅವ್ವ ಚೀರಿದಳು.

ಮತ್ತೆ ಆಸ್ಪತ್ರೆಗೇ ಓಡಿದೆವು. ಸಂಜೆಯ ಹೊತ್ತಿಗೆ ಕೂಸಿನ ಉಸಿರು ಸರಿಹೋಯಿತು. ಏನಾಯಿತೆಂದು ಡಾಕ್ಟರು ಕೇಳಿದಾಗ, "ರಸ್ತೆ ಧೂಳ್ರಿ" ಎಂದುಬಿಟ್ಟೆ. ಅಂಥ ಹೊತ್ತಿನಲ್ಲೂ ನನಗೆ ನನ್ನ ಮಾನವೇ ದೊಡ್ಡದಾಗಿತ್ತು.

"ಅಲ್ರಿ, ಮೆಣಸಿನಕಾಯಿ ಘಾಟು" ಎಂದಳು ತಂಗಿ, ನನ್ನ ಕಡೆ ನೋಡದೆ. ಅವರನ್ನು ಮನೆಗೆ ಕಳಿಸಲು ನಾನು ಹೋಗಿ ಬಾಡಿಗೆ ಕಾರು ಮಾಡಿಕೊಂಡು ಬಂದೆ.

ಮರುದಿನ ಸೀಟುಗಳನ್ನೇ ಕಳಚಿ ತೊಳೆದೆ. ಕಿಂಡಿಗಳಿಗೆ ಬ್ರಷ್ಷು ತೂರಿಸಿ ತಿಕ್ಕಿದೆ, ಗ್ಯಾರೇಜಿನಲ್ಲಿ ಗಾಳಿ ಹೊಡೆಸಿದೆ. ಎರಡು ದಿನ ಹಿಡಿಯಿತು.

ಐದು ತಿಂಗಳಾದ ಮೇಲೆ ತಂಗಿಯನ್ನು ರಾಣೆಬೆನ್ನೂರಿನ ಗಂಡನ ಮನೆಗೆ ಬಿಟ್ಟುಬರುವ ದಿನ ಬಂತು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಕೀಲಿ ಇಸಿದುಕೊಂಡು, ಒಬ್ಬಳೇ ಕಾರಿನೊಳಗೆ ಕೂತಳು. ಗಾಜು ಏರಿಸಿ ಎಸಿ ಹಾಕಿದಳು. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳುವುದನ್ನು ನಾನು ಹೊರಗೆ ನಿಂತು ನೋಡಿದೆ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದು ಕೂಸಿಗಾಗಿ ಕೈ ಚಾಚಿದಳು.

ಈ ಸಲ ನನ್ನನ್ನು ಅವಳು ಏನೂ ಕೇಳಲಿಲ್ಲ.