ಎಡದಂಡೆಯ ಕಾರು

ನಮ್ಮ ಕಡೆ ಕಾಲುವೆಗೆ ಹೊಸದಾಗಿ ನೀರು ಬಿಟ್ಟ ದಿನಗಳವು. ಕೊಡೇಕಲ್ ಹತ್ತಿರ ಕಾಲುವೆ ಕೆಲಸದವರ ಕ್ಯಾಂಪಿನಲ್ಲಿ ನಮ್ಮ ತಗಡಿನ ಮನೆ; ಅಪ್ಪ ಗುತ್ತಿಗೆದಾರ ಸೇಠರ ಡ್ರೈವರ್. ಜೀಪು ಕಂಡರೂ ಜನ ಓಡಿಬಂದು ನೋಡುತ್ತಿದ್ದ ಕಾಲದಲ್ಲಿ ಸೇಠರು ಹೈದರಾಬಾದಿನಿಂದ ಎರಡು ವಿಲಾಯತಿ ಕಾರು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಒಂದು ಇಂಗ್ಲೆಂಡಿನದು, ಒಂದು ಇಟಲಿಯದು; ಎರಡೂ ಒಂದೇ ಕಾಲದವು. ಎರಡೇ ಬಾಗಿಲು, ಉದ್ದ ಮೂತಿ, ಹಿಂದೆ ಮಕ್ಕಳಿಗಷ್ಟೇ ಸಾಲುವ ಸೀಟು. ದೂರದ ಊರಿಗೆ ಜೋರಾಗಿ ಹೋಗಲೆಂದೇ ಮಾಡಿದವು ಎನ್ನುತ್ತಿದ್ದ ಅಪ್ಪ.

ನಾನು ಇಂಗ್ಲೆಂಡಿನದರ ಪಕ್ಷ. ಒಳಗೆ ಕಟ್ಟಿಗೆಯ ಹೊಳಪು, ಚರ್ಮದ ವಾಸನೆ, ಕೂತರೆ ಹಾಸಿಗೆಯಷ್ಟು ಮೆತ್ತಗೆ. ಅಣ್ಣ ಇಟಲಿಯದರ ಪಕ್ಷ. ಅದು ಹಗುರ, ಎಂಜಿನ್ನಿನ ದನಿಯೂ ಇಂಪು. ಆದರೆ ಸೀಟು ಬಿರುಸು, ದಾರಿಯ ಪ್ರತಿ ಕಲ್ಲೂ ಬೆನ್ನಿಗೆ ತಿಳಿಯುತ್ತಿತ್ತು. ಅದರ ಸ್ಟೇರಿಂಗ್ ಎಡಕ್ಕೆ. ನಮ್ಮದು ಎಡದಂಡೆ ಕಾಲುವೆ ಎಂದು ದೊಡ್ಡವರು ಹೇಳುವುದನ್ನು ಕೇಳಿ ಕೇಳಿ, ಎಡದಂಡೆಗೆಂದೇ ಅದನ್ನು ಮಾಡಿಸಿದ್ದಾರೆ ಎಂದು ನಾವಿಬ್ಬರೂ ನಂಬಿದ್ದೆವು. ಶೇಂಗಾ ಚಟ್ನಿ, ರೊಟ್ಟಿ ತಿಂದ ತಾಟನ್ನೇ ಸ್ಟೇರಿಂಗ್ ಮಾಡಿಕೊಂಡು ಜಗಳಾಡುತ್ತಿದ್ದರೆ ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ.

ಮಳೆಗಾಲದ ಒಂದು ಬೆಳಿಗ್ಗೆ ಅವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಸೂಲಗಿತ್ತಿ ಮುಟ್ಟಿ ನೋಡಿ, ಕೂಸು ಅಡ್ಡ ಇದೆ, ಸುರಪುರದ ದವಾಖಾನೆಗೇ ಒಯ್ಯಬೇಕು ಎಂದಳು. ಜೀಪು ಯಾದಗಿರಿಗೆ ಹೋಗಿತ್ತು, ಸೇಠರೂ ಇರಲಿಲ್ಲ. ಎರೆಮಣ್ಣಿನ ರಸ್ತೆಯಲ್ಲಿ ಚಕ್ಕಡಿಗಳೇ ಹೂತು ನಿಂತಿದ್ದವು. ಉಳಿದದ್ದು ಕಾಲುವೆ ಏರಿಯ ಮೇಲೆ ಗರಸು ಹಾಕಿ ಗಟ್ಟಿ ಮಾಡಿದ ದಾರಿ. ಸುರಪುರದ ಕಡೆ ಹೊರಟರೆ ಎಡಕ್ಕೆ ಉದ್ದಕ್ಕೂ ತುಂಬಿದ ನೀರು.

ಕೀಲಿಕೈ ಹಿಡಿದು ಅಪ್ಪ ಎರಡು ಕಾರುಗಳ ನಡುವೆ ನಿಂತ. ಬಿರುಸು ಸೀಟಿನಲ್ಲಿ ಅವ್ವ ಸತ್ತೇ ಹೋಗುತ್ತಾಳೆ ಎನಿಸಿ, ಮೆತ್ತಗಿನದನ್ನು ತೆಗೆ ಎಂದು ಅವನ ಅಂಗಿ ಜಗ್ಗಿದೆ. ಅಪ್ಪನೂ ಇಂಗ್ಲೆಂಡಿನದರ ಬಾಗಿಲಿಗೇ ಕೈ ಹಾಕಿದ. ಅದರಲ್ಲಿ ಅವನು ಬಲಕ್ಕೆ ಕೂರಬೇಕು, ಏರಿಯ ಅಂಚು ಅವನ ಕಣ್ಣಿಗೆ ಬೀಳುವುದಿಲ್ಲ. ಇದು ಹೊಳೆದದ್ದು ಗೋಡೆ ಹಿಡಿದು ನಿಂತಿದ್ದ ಅವ್ವನಿಗೆ.

"ಮೆತ್ತಗಿರೂದು ಬ್ಯಾಡ್ರಿ. ನೀರು ನಿಮಗ ಕಾಣಬೇಕು. ನನ್ನ ಮೈ ನಾ ತಡಕೋತೀನಿ."

ಅಪ್ಪ ಎಡದ ಸ್ಟೇರಿಂಗ್ ಹಿಡಿದು, ತಲೆ ಹೊರಗೆ ಹಾಕಿ, ಅಂಚು ನೋಡುತ್ತಲೇ ನಡೆಸಿದ. ನಾನು ಹಿಂದಿನಿಂದ ಅವ್ವನ ಹೆಗಲು ಹಿಡಿದಿದ್ದೆ. ಒಂದು ಕಡೆ ಏರಿ ಕುಸಿದು ದಾರಿ ಕಾರಿನಷ್ಟೇ ಅಗಲ ಉಳಿದಿತ್ತು. ಚಕ್ರದ ಬುಡದ ಮಣ್ಣು ನೀರಿಗೆ ಬಿದ್ದ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ಅವ್ವ ಹಲ್ಲು ಕಚ್ಚಿಕೊಂಡೇ ಕೇಳುತ್ತಿದ್ದಳು, "ನೀರು ಕಾಣಾಕತ್ತದನ್ರಿ?" ಅಪ್ಪ ಪ್ರತಿ ಸಲವೂ, "ಕಾಣಾಕತ್ತದ" ಎನ್ನುತ್ತಿದ್ದ.

ತಮ್ಮ ಬದುಕಿದ, ಅವ್ವನೂ ಬದುಕಿದಳು. ಕೆಲಸ ಮುಗಿದ ಮೇಲೆ ಕಾರುಗಳು ಎಲ್ಲಿಗೆ ಹೋದವೋ ಗೊತ್ತಿಲ್ಲ. ಯಾವುದು ಮೇಲು ಎಂದು ಅಣ್ಣನೂ ನಾನೂ ಮತ್ತೆ ಜಗಳಾಡಲಿಲ್ಲ.

ಅಪ್ಪ ತೀರಿಹೋದ ಮೇಲೆ ಆ ದಾರಿಗೆ ಡಾಂಬರು ಬಿದ್ದಿದೆ. ಮೊನ್ನೆ ನನ್ನ ಕಾರಿನಲ್ಲಿ ಅವ್ವನನ್ನು ಸುರಪುರಕ್ಕೆ ಕರೆದೊಯ್ಯುತ್ತಿದ್ದೆ. ನನ್ನ ಸ್ಟೇರಿಂಗ್ ಬಲಕ್ಕೆ, ನೀರಿನ ಬದಿಗೆ ಅವಳು. ಇದ್ದಕ್ಕಿದ್ದಂತೆ ಅಂದಿನದೇ ಮಾತು ಕೇಳಿದಳು, ನೀರು ಕಾಣುತ್ತದೆಯೇ ಎಂದು. ನನಗೆ ಕಾಣುವುದಿಲ್ಲ, ನೀನೇ ನೋಡಿ ಹೇಳು ಎಂದೆ. ಅವಳು ಗಾಜು ಇಳಿಸಿ, ಅಪ್ಪನ ಹಾಗೆಯೇ ತಲೆ ಹೊರಗೆ ಹಾಕಿ ಬಹಳ ಹೊತ್ತು ನೋಡಿದಳು.

"ನೀರು ಹಂಗ ಅದ ಮಗಳ," ಎಂದಳು. "ನೋಡಾವ್ರ ಇಲ್ಲ."