ಚೌಡಿಯ ಬಳ್ಳಿಯ ಬಿಳಿ ನುಸಿ

ನಾನು ಮಲೇರಿಯಾ ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಶುರುವಿನಲ್ಲಿ. ಹೊಸನಗರದ ಸುತ್ತಿನ ಹಳ್ಳಿಗಳಲ್ಲಿ ಮನೆ ಮನೆಯ ಗೋಡೆಗೆ ಡಿಡಿಟಿ ಹೊಡೆಯುವುದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದು ಸಾಗರದ ಪ್ರಯೋಗಾಲಯಕ್ಕೆ ಮುಟ್ಟಿಸುವುದು, ಇಷ್ಟು ನನ್ನ ಕೆಲಸ. ಖಾಕಿ ಹಾಕಿಕೊಂಡು ಪಂಪು ಹೊತ್ತು ಅಂಗಳಕ್ಕೆ ಬಂದರೆ ಊರ ಹಿರಿಯರೂ ಎದ್ದು ನಿಲ್ಲುತ್ತಿದ್ದರು. ಇಪ್ಪತ್ತಮೂರರ ವಯಸ್ಸಿನವನ ತಲೆ ತಿರುಗಲು ಅಷ್ಟು ಸಾಕು.

ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ. ಅತ್ತಿಗೆಯ ತವರು ತೀರ್ಥಹಳ್ಳಿ ಕಡೆಯ ಅರಳಸುರಳಿ. ಮದುವೆಯಾಗಿ ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿ ವೀಳ್ಯದೆಲೆ ಬಳ್ಳಿಯ ತುಂಡುಗಳನ್ನು ತಂದಿದ್ದರು. ಹಿತ್ತಿಲಿನ ಹಾಲುವಾಣದ ಮರಗಳಿಗೆ ಅವನ್ನು ಹಬ್ಬಿಸಿ, ಏಳು ವರ್ಷದಲ್ಲಿ ಕೇರಿಗೆಲ್ಲ ಕವಳದ ಎಲೆ ಕೊಡುವಷ್ಟು ಬೆಳೆಸಿದ್ದರು. ಮಕ್ಕಳಾಗಿರಲಿಲ್ಲ. ಆ ಮಾತನ್ನು ದಿನಕ್ಕೆರಡು ಸಲ ಕೇಳಿಸಿಕೊಳ್ಳುತ್ತಿದ್ದ ಹೆಂಗಸಿಗೆ ತಲೆಯೆತ್ತಿ ನಿಲ್ಲುವ ಜಾಗ ಅದೊಂದೇ.

ಅದೇ ಹಿತ್ತಿಲ ಮೂಲೆಯಲ್ಲಿ, ಕಾಸರಕನ ಮರದ ಬುಡದಲ್ಲಿ ಮನೆ ಕಾಯುವ ದೇವತೆ ಚೌಡಿಯ ಕಲ್ಲಿತ್ತು. ಆ ಮರಕ್ಕೂ ಒಂದು ಬಳ್ಳಿ ಹಬ್ಬಿತ್ತು. ಅದು ಚೌಡಿಯದು, ಎಲೆ ಕೊಯ್ಯುವಂತಿಲ್ಲ, ನೀರು ಬಿಟ್ಟು ಇನ್ನೇನೂ ಹಾಕುವಂತಿಲ್ಲ. ಉಳಿದ ಬಳ್ಳಿಗಳ ಹತ್ತಿರವೂ ಮುಟ್ಟಾದ ಹೆಂಗಸರು ಸುಳಿಯಬಾರದೆಂಬ ಕಟ್ಟಳೆ ಇತ್ತು. ಅತ್ತಿಗೆ ಅದನ್ನು ಒಂದು ದಿನವೂ ಮೀರಿದವರಲ್ಲ.

ಒಂದು ಬೇಸಿಗೆಯ ಮೊದಲಲ್ಲಿ ಚಿಗುರಿಗೆ ಕಪ್ಪು ತಿಗಣೆಯಂಥ ಹುಳ ಬಿತ್ತು. ಅತ್ತಿಗೆ ಕೂತು ಕೈಯಲ್ಲೇ ಹೆಕ್ಕುತ್ತಿದ್ದರು. ನೋಡಿ ಅಯ್ಯೋ ಅನ್ನಿಸಿತು. ಕೆಲಸದಲ್ಲಿ ಮಿಕ್ಕ ಡಿಡಿಟಿ ಪುಡಿಯನ್ನು, ಮನೆಗೆ ತರುವುದು ತಪ್ಪೆಂದು ಗೊತ್ತಿದ್ದೂ ಚೀಲದಲ್ಲಿ ತಂದೆ. ಅತ್ತಿಗೆ ಹೊಳೆಗೆ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ಬಳ್ಳಿಗೆಲ್ಲ ಎರಚಿದೆ. ಚೌಡಿಯದನ್ನು ಬಿಟ್ಟೆ. ಭಕ್ತಿಯಿಂದಲ್ಲ, ಹೆದರಿಕೆಯಿಂದ. ಮಾರನೆಯ ದಿನ ಹುಳವೆಲ್ಲ ಉದುರಿತ್ತು. ಹಬ್ಬಕ್ಕೆ ಹೇಳಿ ಮೆಚ್ಚುಗೆ ಗಿಟ್ಟಿಸಿದರಾಯಿತೆಂದು ಸುಮ್ಮನಿದ್ದೆ.

ಮೂರು ವಾರ ಕಳೆದಿರಬೇಕು. ಎಲೆಗಳು ಹಳೆಯ ಕಂಚಿನ ಬಣ್ಣಕ್ಕೆ ತಿರುಗಿದವು. ಬುಡದಿಂದ ತುದಿಯವರೆಗೆ ಕಣ್ಣಿಗೆ ಕಂಡೂ ಕಾಣದಂಥ ಬಲೆ ಸುತ್ತಿಕೊಂಡಿತು, ಹೆಣಕ್ಕೆ ಬಟ್ಟೆ ಹೊದಿಸಿದ ಹಾಗೆ. ನಡುಮಧ್ಯಾಹ್ನ, ಒಂದೆಲೆ ಅಲ್ಲಾಡದ ಬಿಸಿಲಿನಲ್ಲಿ ಆ ಬಲೆ ಮಾತ್ರ ಸಣ್ಣಗೆ ಮಿಸುಕುತ್ತಿತ್ತು. ಹತ್ತಿರ ಹೋಗಿ ಮುಟ್ಟಿದೆ. ಬೆರಳಿಗೆ ಕೆಂಪು ಧೂಳು ಹತ್ತಿತು. ಪಂಚೆಗೆ ಒರೆಸಿಕೊಂಡೆ. ಧೂಳು ಪಂಚೆಯ ಮೇಲೆ ನಡೆಯತೊಡಗಿತು. ಹಿತ್ತಿಲಿನಲ್ಲಿ ಇರುವೆಯಿಲ್ಲ, ಜೇಡವಿಲ್ಲ, ಹುಳ ಹೆಕ್ಕುವ ಹಕ್ಕಿಯೂ ಇಲ್ಲ. ಮೂಲೆಯಲ್ಲಿ ಚೌಡಿಯ ಬಳ್ಳಿ ಒಂದೇ ಒಂದು ಹಚ್ಚಗೆ ನಿಂತಿತ್ತು.

ಊರಿಗೆ ಇನ್ನೇನು ಸಾಕ್ಷಿ ಬೇಕು? ಅವ್ವ ಪಾತ್ರಿಯನ್ನು ಕರೆಸಿದಳು. ಅವನ ಮೈಮೇಲೆ ಬಂದ ಚೌಡಿ, ಮೈಲಿಗೆಯಾಗಿದೆ ಎಂದಳು, ಹೊರಗಾದವಳು ಬಳ್ಳಿ ಮುಟ್ಟಿದ್ದಾಳೆ ಎಂದಳು. ಮನೆಯಲ್ಲಿ ಆ ವಯಸ್ಸಿನ ಹೆಂಗಸು ಒಬ್ಬರೇ. ಅತ್ತಿಗೆ ತಾನು ಮುಟ್ಟಿಲ್ಲವೆಂದು ಒಂದು ಸಲ ಹೇಳಿದರು, ಎರಡನೆಯ ಸಲ ಹೇಳಲಿಲ್ಲ. ಇನ್ನು ಹಿತ್ತಿಲಿಗೆ ಕಾಲಿಡಬಾರದೆಂದು ತೀರ್ಮಾನವಾಯಿತು. ಅಣ್ಣ ನೆಲ ನೋಡುತ್ತಾ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲನ್ನೂ ಮುಟ್ಟಿಕೊಳ್ಳದೆ ನಿಂತಿದ್ದೆ. ಅಷ್ಟು ಪಳಗಿದ ಕಳ್ಳ.

ಮುಂದಿನ ಸಲ ಸಾಗರಕ್ಕೆ ಹೋಗುವಾಗ ಎರಡು ಎಲೆಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿದೆ. ಒಂದು ಸೊರಗಿದ ಬಳ್ಳಿಯದು, ಒಂದು ಚೌಡಿಯದು. ಅದನ್ನು ಯಾರೂ ಏಳುವ ಮೊದಲೇ ಕಿತ್ತಿದ್ದೆ. ಅಲ್ಲಿ ರಕ್ತ ಪರೀಕ್ಷೆ ಮಾಡುವವರು ಸಸ್ಯಶಾಸ್ತ್ರ ಓದಿದ್ದ ಮನುಷ್ಯ. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಎಲೆಯ ಚೂರು ಇಟ್ಟು, ನೋಡು ಎಂದರು. ಕೆಂಪು ನುಸಿಗಳು ಎಂಟು ಕಾಲಿನಲ್ಲಿ ಮೆಲ್ಲಗೆ ಓಡಾಡುತ್ತಿದ್ದವು. ಚೌಡಿಯ ಎಲೆಯಿಂದ ಅವುಗಳ ನಡುವೆ ಇನ್ನೊಂದು ಬಂತು. ನೀರಿನ ಹನಿಯಂತೆ ಬಿಳಿ, ಹೊಳಪು, ಬಲು ಚುರುಕು. ಅದಕ್ಕೆ ಕಣ್ಣೇ ಇಲ್ಲವೆಂದು ಅವರು ಹೇಳಿದರು. ಮುಂಗಾಲನ್ನು ಕುರುಡರ ಕೋಲಿನಂತೆ ತಟ್ಟುತ್ತಾ ಬಂದು, ಒಂದು ಕೆಂಪು ನುಸಿಯನ್ನು ಹಿಡಿದು ನಿಂತಿತು. ಹಿಡಿದದ್ದು ಚಪ್ಪಟೆಯಾಗುತ್ತಾ ಹೋಯಿತು. ಬಿಳಿಯ ಹೊಟ್ಟೆಯೊಳಗೆ ನಿಧಾನವಾಗಿ ಕೆಂಪು ಏರಿತು.

ಕೆಂಪಿನದು ಎಲ್ಲ ಕಡೆಯೂ ಇರುತ್ತದೆ, ಈ ಬಿಳಿಯದು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ, ಡಿಡಿಟಿಗೆ ಸಾಯುವುದು ಬಿಳಿಯದೇ ಎಂದರು ಅವರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿ ಕೇಳಿದರು: "ಪುಡಿ ಹಾಕಿದ್ದು ಯಾರು?"

ಗೊತ್ತಿಲ್ಲ ಎಂದೆ.

ಬಳ್ಳಿ ಉಳಿಸಲು ಅವರು ಹೇಳಿಕೊಟ್ಟಂತೆಯೇ ಮಾಡಿದೆ. ದಿನವೂ ಬಾವಿ ನೀರು ಎರಚಿ ಬಳ್ಳಿ ತೊಳೆದೆ. ಹೊಸ ಚಿಗುರು ಕಂಡಾಗ, ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ, ಬಿಳಿ ನುಸಿ ಅತ್ತ ದಾಟಲೆಂದು ಚೌಡಿಯ ಎಲೆಗಳನ್ನು ಕಿತ್ತು ಒಂದೊಂದು ಬಳ್ಳಿಗೂ ಬಾಳೆನಾರಿನಲ್ಲಿ ಕಟ್ಟಿದೆ. ಮುಂಗಾರಿಗೆ ಮೊದಲೇ ಬಲೆ ಕರಗಿತು. ಹಿತ್ತಿಲು ಮತ್ತೆ ಹಸಿರಾಯಿತು. ಅದನ್ನು ನೋಡಿ ಅವ್ವ ಚೌಡಿಗೆ ಕೋಳಿ ಕೊಯ್ಯಿಸಿದಳು. ಕಂಡಿರಾ, ಅವಳು ಕಾಲಿಡುವುದು ತಪ್ಪಿದ ಕೂಡಲೇ ಬಳ್ಳಿ ಬದುಕಿತು ಎಂದು ಕೇರಿಯೆಲ್ಲ ಆಡಿಕೊಂಡಿತು. ಇಂಥದ್ದಾಗಬಹುದೆಂದು ನಾನು ಯೋಚಿಸಿರಲೇ ಇಲ್ಲ. ಬಳ್ಳಿಯನ್ನು ಉಳಿಸಿ ಅತ್ತಿಗೆಯ ಮೇಲಿನ ಆಪಾದನೆಗೆ ಮೊಹರು ಒತ್ತಿದ್ದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ಕೆಲಸ ಹೋಗುವ ಭಯ, ಚೌಡಿಯ ಎಲೆ ಕಿತ್ತ ಭಯ. ನಾನು ಹೇಡಿ, ಇದಕ್ಕೆ ಬೇರೆ ಮಾತು ಹುಡುಕುವುದಿಲ್ಲ.

ಐದು ವರ್ಷದ ಮೇಲೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ಅತ್ತಿಗೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ. ಪುಡಿ, ಬಿಳಿ ನುಸಿ, ಚೌಡಿಯ ಎಲೆ, ಎಲ್ಲ. ಅವರ ಕೈ ನಿಲ್ಲಲಿಲ್ಲ.

"ಪುಡಿ ಎರಚಿದ್ದು ನಂಗೊತ್ತು ಮಾರಾಯ. ಸೋಪು ಮರ್ತು ಹೊಳೆಯಿಂದ ವಾಪಸ್ ಬಂದಿದ್ದೆ. ಬೇಲಿ ಹತ್ರ ನಿಂತು ನೋಡಿದ್ದೆ."

ಹಾಗಿದ್ದರೆ ಪಾತ್ರಿಯ ಎದುರು ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ನಾ ಹೇಳಿದ್ರೆ ನಿನ್ನ ಕೆಲ್ಸ ಹೋಗ್ತಿತ್ತು," ಎಂದರು ಅತ್ತಿಗೆ. "ನೀನೇ ಹೇಳ್ತೀಯ ಅಂತ ಕಾದೆ."