ಇಟ್ಟವರು ಯಾರು ಎಂದು ಕೇಳುತ್ತಿದ್ದ ಮೇಷ್ಟ್ರು

ಅವರ ಬಲಗೈಯ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಮೌಸನ್ನು ನಡುಬೆರಳಿನಿಂದ ಒತ್ತುತ್ತಿದ್ದರು. ಮೊಂಡುಬೆರಳು ಪಕ್ಕದಲ್ಲೇ ಸುಮ್ಮನೆ ಅಲ್ಲಾಡುತ್ತಿತ್ತು. ಚಿಕ್ಕವರಿದ್ದಾಗ ಚೌಳಹಿರಿಯೂರಿನಲ್ಲಿ, ಮೇವು ಕತ್ತರಿಸುವ ಯಂತ್ರದೊಳಗೆ ಏನಿದೆಯೆಂದು ನೋಡಲು ಬೆರಳು ಹಾಕಿದ್ದರಂತೆ. ನೋವಾಗಲಿಲ್ಲವೇ ಎಂದು ಕೇಳಿದರೆ, ಅದು ಆಮೇಲೆ, ಬ್ಲೇಡು ಹೇಗೆ ತಿರುಗುತ್ತದೆಂದು ಮೊದಲು ಗೊತ್ತಾಯಿತಲ್ಲ ಎನ್ನುತ್ತಿದ್ದರು. ಕುತೂಹಲಕ್ಕೆ ಬೆರಳು ತೆತ್ತ ಇನ್ನೊಬ್ಬರನ್ನು ನಾನಂತೂ ನೋಡಿಲ್ಲ.

ಮೇಷ್ಟ್ರು ಎಂದರೂ ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕಡೂರಿನಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡಿಕೊಂಡಿದ್ದು, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು. ರಿಪೇರಿ ಮಾಡುತ್ತಲೇ ಎದುರಿಗಿದ್ದವರಿಗೆ ಎಲ್ಲವನ್ನೂ ವಿವರಿಸುವ ಚಾಳಿಯಿಂದ ರಿಪೇರಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಮಂಗಳವಾರ ತರೀಕೆರೆ, ಗುರುವಾರ ಅಜ್ಜಂಪುರ. ಹೆಗಲಿಗೆ ಖಾಕಿ ಚೀಲ, ಅದರೊಳಗೆ ಸ್ಕ್ರೂಡ್ರೈವರ್, ಬ್ರಷ್ಷು, ಒಂದು ಉದ್ದನೆಯ ನೋಟ್‌ಬುಕ್ಕು.

ಅಜ್ಜಂಪುರದ ಬಸ್‌ಸ್ಟ್ಯಾಂಡ್ ಹತ್ತಿರ ನಾನು ಟೈಪಿಂಗ್ ಅಂಗಡಿ ತೆರೆದು ಆಗ ಮೂರು ತಿಂಗಳಾಗಿತ್ತು. ಅರ್ಜಿ, ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲ ಕನ್ನಡದ ಕೆಲಸವೇ. ಒಂದು ಬೆಳಗ್ಗೆ ಕಂಪ್ಯೂಟರ್ ಹಾಕಿದರೆ ಕನ್ನಡವೇ ಮೂಡುತ್ತಿಲ್ಲ. ‘ಅ’ ಒತ್ತಿದರೆ ಇಂಗ್ಲಿಷಿನ ಅಕ್ಷರ ಬಂದು ನಿಲ್ಲುತ್ತಿತ್ತು. ಆಂಟಿವೈರಸ್ಸಿನ ಲೈಸೆನ್ಸು ಮುಗಿದಿದೆ ಎಂಬ ಕೆಂಪು ಚೀಟಿ ಬೇರೆ ಮೂಲೆಯಲ್ಲಿ ಹಣಕುತ್ತಿತ್ತು. ಹೊಸದೊಂದು ಆಂಟಿವೈರಸ್ ತಂದು ಹಾಕಿದೆ; ಹಳೆಯದು ಹೋಗುವವರೆಗೆ ನಾನು ಒಳಗೆ ಬರುವುದಿಲ್ಲ ಎಂದಿತು. ಹಳೆಯದನ್ನು ತೆಗೆಯಲು ಹೋದರೆ ಅದು ಪಾಸ್‌ವರ್ಡ್ ಕೇಳಿತು. ನನಗೆ ತಾಳ್ಮೆ ಮೊದಲೇ ಕಡಿಮೆ. ಕೀಬೋರ್ಡನ್ನು ಕುಟ್ಟಿದ ಸದ್ದು ಪಕ್ಕದ ಹೋಟೆಲ್ಲಿಗೂ ಕೇಳಿತಂತೆ. ಅಲ್ಲಿ ಟೀ ಕುಡಿಯುತ್ತಿದ್ದ ಮೇಷ್ಟ್ರು ಲೋಟ ಹಿಡಿದುಕೊಂಡೇ ಬಂದರು.

ಏನಾದರೂ ಮಾಡಿ ಇದನ್ನು ಕಿತ್ತು ಬಿಸಾಕಿ ಎಂದೆ. ಅವರು ಸ್ಟೂಲ್ ಎಳೆದುಕೊಂಡು ಕೂತು, “ಇದನ್ನ ಇಟ್ಟೋರು ಯಾರು?” ಎಂದರು.

ಯಾರಿಟ್ಟರೇನು ಎಂದು ಸಿಡುಕಿದೆ.

“ಇಟ್ಟೋರು ಯಾರು, ಯಾಕಿಟ್ರು ಅಂತ ಗೊತ್ತಾಗ್ದೆ ಏನ್ನೂ ತೆಗೀಬಾರ್ದು ಕಣಮ್ಮ,” ಎಂದು ಟೀ ಮುಗಿಸಿದರು.

ಯಂತ್ರ ಜೋಡಿಸಿಕೊಟ್ಟವನು ತರೀಕೆರೆಯವನು. ಅವನಿಗೆ ಫೋನ್ ಮಾಡಿದರು. ಜನ ತಿಳಿಯದೆ ತೆಗೆದುಬಿಡುತ್ತಾರೆಂದು ತಾನೇ ಪಾಸ್‌ವರ್ಡ್ ಹಾಕಿದ್ದಾಗಿ ಅವನು ಒಪ್ಪಿಕೊಂಡು ಅದನ್ನು ಹೇಳಿದ. ಸದ್ಯ, ಇನ್ನು ತೆಗೆಯಿರಿ ಎಂದೆ. ಆಗಲೂ ತೆಗೆಯಲಿಲ್ಲ. ಆಂಟಿವೈರಸ್ಸು ಅನುಮಾನ ಬಂದದ್ದನ್ನೆಲ್ಲ ಹಿಡಿದು ಕೂಡಿಹಾಕುವ ಜಾಗವೊಂದಿರುತ್ತದೆ, ತೆಗೆದರೆ ಅಲ್ಲಿದ್ದದ್ದೂ ಅದರ ಜೊತೆಗೇ ಹೋಗುತ್ತದೆ ಎಂದು ವಿವರಿಸಿದರು. ಅದಕ್ಕೆ ಅವರಿಟ್ಟ ಹೆಸರು ಲಾಕಪ್ಪು.

ಲಾಕಪ್ಪಿನಲ್ಲಿ ಇದ್ದದ್ದು ನನ್ನ ಕನ್ನಡ ಟೈಪಿಂಗ್ ಸಾಫ್ಟ್‌ವೇರ್. ನಾನು ಒತ್ತುವ ಪ್ರತಿಯೊಂದು ಕೀಯನ್ನೂ ಅದು ಗಮನಿಸಿ ಅಕ್ಷರ ಮಾಡುತ್ತದಲ್ಲ, ಯಾರೋ ಕಳ್ಳ ಕದ್ದು ನೋಡುತ್ತಿದ್ದಾನೆಂದು ಆಂಟಿವೈರಸ್ಸು ಅದನ್ನು ಹಿಡಿದಿತ್ತು. ಅದರ ಸಿ.ಡಿ. ಎಂದೋ ಒಡೆದುಹೋಗಿತ್ತು. ನಾನು ಹೇಳಿದಂತೆ ಕಿತ್ತಿದ್ದರೆ ಅವತ್ತೇ ಅಂಗಡಿಗೆ ಬೀಗ ಹಾಕಬೇಕಿತ್ತು. ಮೇಷ್ಟ್ರು ಅದನ್ನು ಬಿಡಿಸಿ, ಹೊಸ ಆಂಟಿವೈರಸ್ ಹಾಕಿ, ಇದು ನಮ್ಮದು, ಮುಟ್ಟಬೇಡ ಎಂದು ಅದಕ್ಕೂ ಹೇಳಿಕೊಟ್ಟರು. ‘ಅ’ ಒತ್ತಿದೆ. ‘ಅ’ ಬಂತು. ನನಗೆ ಅಳು ಬಂತು. ಅವರು ಮಾತ್ರ, ಆ ಸಾಫ್ಟ್‌ವೇರ್ ಒತ್ತಕ್ಷರವನ್ನು ಹೇಗೆ ಕೂಡಿಸುತ್ತದೆಂದು ನೋಡುತ್ತ ಇನ್ನೂ ಒಂದು ಗಂಟೆ ಕೂತಿದ್ದರು.

ಅಲ್ಲಿಂದ ಗುರುವಾರವೆಂದರೆ ನನಗೆ ಪಾಠದ ದಿನ. ಅಮೃತಾಪುರದ ಯಾವ ಶಾಲೆಯ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ ಕಿತ್ತಾಡುತ್ತಿದ್ದವು, ಬುಕ್ಕಾಂಬುಧಿಯ ಯಾರ ಲ್ಯಾಪ್‌ಟಾಪಿನೊಳಗೆ ಇರುವೆ ಗೂಡು ಕಟ್ಟಿತ್ತು, ಎಲ್ಲ ವರದಿ ಬರುತ್ತಿತ್ತು. ಲೈಸೆನ್ಸು ಮುಗಿಯುವ ಒಂದು ವಾರ ಮೊದಲು ತಪ್ಪದೆ ಫೋನು: “ನಿಂದು ಮುಗೀತಾ ಬಂತು ಕಣಮ್ಮ. ಗುರುವಾರ ಬತ್ತೀನಿ.”

ಅವರಿಗೆ ಹೇಗೆ ಗೊತ್ತಾಗುತ್ತಿತ್ತೆಂದರೆ, ಲೈಸೆನ್ಸುಗಳನ್ನೆಲ್ಲ ತಮ್ಮ ಮೇಲ್ ವಿಳಾಸಕ್ಕೇ ನೋಂದಾಯಿಸಿಕೊಂಡಿದ್ದರು. ನನಗೇ ಮೇಲ್ ಇದೆಯಲ್ಲ ಎಂದು ಒಮ್ಮೆ ರೇಗಿಸಿದೆ. ಇದೆ, ನೋಡುವವರು ಯಾರು ಎಂದರು. ನಿಜವೇ. ಮೂರು ತಾಲ್ಲೂಕಿನ ಅಂಗಡಿಯವರೆಲ್ಲ ನನ್ನ ಹಾಗೆಯೇ. ಅದು ತಪ್ಪೆಂದು ನಮಗ್ಯಾರಿಗೂ ಹೊಳೆಯಲಿಲ್ಲ, ಎಲ್ಲವನ್ನೂ ಯೋಚಿಸುವ ಅವರಿಗೂ ಹೊಳೆಯಲಿಲ್ಲ.

ಹೋದ ವರ್ಷ ಒಂದು ಮಂಗಳವಾರ ತರೀಕೆರೆಯಿಂದ ಮನೆಗೆ ಬಂದವರು ಎದೆನೋವೆಂದರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಆ ಗುರುವಾರ ನಾನು ಅಂಗಡಿ ತೆಗೆಯಲಿಲ್ಲ.

ಎರಡು ತಿಂಗಳಿಗೆ ಕೆಂಪು ಚೀಟಿ ಹಣಕಿತು, ನಾಲ್ಕು ದಿನ ಬಾಕಿ ಎಂದು. ನವೀಕರಿಸಲು ಹೋದರೆ ಅದರ ಕೋಡ್ ನಂಬರು ಮೇಷ್ಟ್ರ ಮೇಲ್ ವಿಳಾಸಕ್ಕೆ ಹೋಗಿದೆ ಎಂದಿತು. ಹಳೆಯದನ್ನೇ ತೆಗೆದುಬಿಡೋಣವೆಂದರೆ ಪಾಸ್‌ವರ್ಡೂ ಅವರದೇ. ತರೀಕೆರೆಯ ಸ್ಟುಡಿಯೊದವರೂ ಇದೇ ಕಷ್ಟ ಹೇಳಿಕೊಂಡರು. ಸಂಕೋಚಪಡುತ್ತಲೇ ಕಡೂರಿಗೆ ಹೋದೆ.

ಮೇಷ್ಟ್ರ ಹೆಂಡತಿ, ನಾನು ಅಕ್ಕ ಎನ್ನುವವರು, ಬಾಗಿಲು ತೆಗೆದರು. ಬುದ್ಧನ ಪಟದ ಕೆಳಗೆ ಮೇಷ್ಟ್ರ ಫೋನು ಚಾರ್ಜಿಗೆ ಹಾಕಿತ್ತು. ಆ ನಂಬರು ನಿಲ್ಲಿಸಿಬಿಡಿ ಎಂದು ನೆಂಟರು ಹೇಳುತ್ತಲೇ ಇದ್ದರಂತೆ. ಅಕ್ಕ ನಿಲ್ಲಿಸಿರಲಿಲ್ಲ. ಅದರಲ್ಲಿ ಮೇಷ್ಟ್ರ ಮೇಲ್ ತೆರೆದು ತೋರಿಸಿದರು. ಲೈಸೆನ್ಸು ಮುಗಿಯುತ್ತಿದೆ ಎಂದು ನೆನಪಿಸುವ ಪತ್ರಗಳು ಉತ್ತರವಿಲ್ಲದೆ ಸಾಲಾಗಿ ಬಿದ್ದಿದ್ದವು. ಅಕ್ಕ ಆ ಉದ್ದನೆಯ ನೋಟ್‌ಬುಕ್ಕನ್ನೂ ತಂದರು. ಪ್ರತಿ ಯಂತ್ರಕ್ಕೂ ಒಂದು ಪುಟ: ಯಾರು ಹಾಕಿದ್ದು, ಯಾಕೆ, ಪಾಸ್‌ವರ್ಡು. ನನ್ನ ಪುಟದಲ್ಲಿ, ಅಜ್ಜಂಪುರ, ಟೈಪಿಂಗ್ ಹುಡುಗಿ. ಬಿಡಿಸಿದ್ದು, ಕನ್ನಡ. ಮತ್ತೆ ಹಿಡಿಯದ ಹಾಗೆ ವರ್ಷಾವರ್ಷ ಹೋಗಿ ನೋಡಬೇಕು. ಕೊನೆಯಲ್ಲಿ ಸಣ್ಣಗೆ, ಸಿಡುಕಿ, ಆದರೆ ಕಲಿಯುತ್ತಾಳೆ.

ಅಲ್ಲೇ ಕೂತು ನನ್ನ ಲೈಸೆನ್ಸು ನವೀಕರಿಸಿದೆ. ಆಮೇಲೆ ನಾಲ್ಕು ಭಾನುವಾರ ಹೋಗಿ, ಒಬ್ಬೊಬ್ಬರಿಗೇ ಫೋನ್ ಮಾಡಿ, ಅವರವರ ಲೈಸೆನ್ಸನ್ನು ಅವರವರ ಮೇಲ್ ವಿಳಾಸಕ್ಕೆ ಬದಲಿಸಿದೆವು. ಕೊನೆಗೆ ಉಳಿದದ್ದು ನನ್ನದು. ಎಲ್ಲ ಮುಗಿದರೆ ಇನ್ನು ಈ ಫೋನಿನ ಕೆಲಸವೂ ಮುಗಿದಂತೆ ಎಂದರು ಅಕ್ಕ. ನಾನು ನೋಟ್‌ಬುಕ್ಕು ಮುಚ್ಚಿ, “ನಂದು ಇಲ್ಲೇ ಇರ್ಲಿ ಅಕ್ಕ,” ಎಂದೆ. ಅವರು ಫೋನನ್ನು ಮತ್ತೆ ಚಾರ್ಜಿಗೆ ಹಾಕಿದರು.

ಈಗ ಗುರುವಾರ ನಾನೇ ಊರಿನ ಕಂಪ್ಯೂಟರುಗಳನ್ನು ನೋಡುತ್ತೇನೆ. ಏನನ್ನಾದರೂ ತೆಗೆಯುವ ಮೊದಲು ಇಟ್ಟವರು ಯಾರೆಂದು ಕೇಳುತ್ತೇನೆ. ಜನ ನನ್ನ ಹಾಗೆಯೇ ಸಿಡುಕುತ್ತಾರೆ. ಹೋದ ವಾರ ಹಾಗೆ ಕೆಲಸದಲ್ಲಿದ್ದಾಗ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮೇಷ್ಟ್ರ ಹೆಸರು. ಎತ್ತಿದೆ.

“ನಿಂದು ಮುಗೀತಾ ಬಂತಂತೆ ಕಣಮ್ಮ,” ಎಂದರು ಅಕ್ಕ. “ಗುರುವಾರ ನಾನೇ ಬತ್ತೀನಿ.”